ಓಣಿಯ ದರ, ಬನ್ನಿಯ ಮಾತು

ಅಮ್ಮಿನಬಾವಿಯ ಹುಡುಗಿ ನನ್ನ ಮೇಜಿನ ಮೇಲೆ ಇಟ್ಟದ್ದು ಒಂದು ನೋಟ್‌ಬುಕ್ಕು. ಪುಟದ ನಡುವೆ ಸ್ಕೇಲ್ ಹಿಡಿದು ಗೆರೆ ಹೊಡೆದಿದ್ದಳು. ಎಡಕ್ಕೆ ಮನೆಗಳು, ಬಲಕ್ಕೆ ಖೋಲಿ ಬಾಡಿಗೆ. ಮನೆಗಳಿಗೆ ಅವಳೇ ಇಟ್ಟ ಹೆಸರು: ಹಸಿರು ಗೇಟು, ಕರೆಂಟ್ ಕಂಬ, ನಾಯಿ ಇರೋ ಮನಿ, ಮಾವಿನ ಗಿಡ. ಸೋಮವಾರಕ್ಕೊಂದು ಪುಟ.

“ಕಿಟಕಿ ಇದ್ದ ಖೋಲಿಗೂ ಅಷ್ಟ ಏರತೈತ್ರಿ ಮೇಡಂ, ಕಿಟಕಿ ಇಲ್ಲದ್ದಕ್ಕೂ ಅಷ್ಟ ಏರತೈತ್ರಿ,” ಅಂದಳು. “ಸಪ್ತಾಪುರದ ಎರಡೂ ಓಣ್ಯಾಗ, ಒಂದ ದಿವಸ, ಒಂದ ಹೊತ್ತಿಗೆ. ಇಷ್ಟು ಮಂದಿ ಮಾಲಕರು ಒಮ್ಮೆಲೆ ಒಂದ ಲೆಕ್ಕ ಹ್ಯಾಂಗ ಹಾಕ್ತಾರ್ರಿ?”

ನಾನು ಪುಟವನ್ನು ನೋಡುತ್ತಿದ್ದೆ. ಟು ಬಿ ಆನೆಸ್ಟ್, ‘ಮಾವಿನ ಗಿಡ’ ಎಂಬ ಎರಡು ಶಬ್ದಗಳನ್ನಷ್ಟೇ ನೋಡುತ್ತಿದ್ದೆ.

“ಈ ಮಾವಿನ ಗಿಡದ ಮನಿಯಾಕಿ ನನ್ನ ಗೆಳತಿ ಇದ್ದಾಳ. ಅದನ್ನ ಮೊದಲ ಹೇಳ್ತೇನಿ,” ಅಂದೆ.

“ಗೊತ್ತೈತ್ರಿ. ಅಲ್ಲೇ ಹಿಂದಿನ ಖೋಲ್ಯಾಗ ಎರಡು ವರ್ಷ ಇದ್ದೆ. ಒಂದು ಗುರುವಾರ ನಿಮಗ ಚಾ ತಂದು ಕೊಟ್ಟಾಕಿ ನಾನ. ನೀವು ಆಂಟಿ ಜೋಡಿ ಇಂಗ್ಲಿಷಿನ್ಯಾಗ ಜಗಳಾ ಮಾಡಾಕತ್ತಿದ್ರಿ. ಹಿಂಗ ಮಾತಾಡವರು ವಕೀಲರಾಗಿದ್ರ ಛಲೋ ಅಂತ ಅನಿಸಿತ್ತು.”

ಅದು ಜಗಳವಲ್ಲ, ಕ್ರಾಸ್‌ವರ್ಡ್. ಪ್ರತಿ ಗುರುವಾರ ಮಧ್ಯಾಹ್ನ ಸಪ್ತಾಪುರದ ಅವಳ ಪಡಸಾಲೆಯಲ್ಲಿ, ಎರಡು ಬೆತ್ತದ ಕುರ್ಚಿ, ಒಂದು ಬಟ್ಟಲು ಗಿರ್ಮಿಟ್, ನಡುವೆ ಇಂಗ್ಲಿಷ್ ಪೇಪರು. ಅಡ್ಡ ಸಾಲುಗಳು ಅವಳವು, ಉದ್ದ ಸಾಲುಗಳು ನನ್ನವು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಒಂದೇ ಬೆಂಚಿನಲ್ಲಿ ಕೂತಾಗಿನಿಂದ ಹಾಗೆಯೇ. ಅವಳು ನನಗಿಂತ ನಾಲ್ಕು ತಿಂಗಳು ದೊಡ್ಡವಳು, ಹಾಗಾಗಿ ಮೊದಲ ಗೆರೆ ಅವಳದೇ.

ನನ್ನ ಅಪ್ಪ ರೈಲ್ವೆ ವರ್ಕ್‌ಶಾಪಿನ ಫಿಟ್ಟರ್. ಮನೆಯ ಗೋಡೆಯ ಮೇಲೆ ಬುದ್ಧನ ಫೋಟೋ. ಮೊದಲ ಸಲ ಅವಳ ಮನೆಗೆ ಊಟಕ್ಕೆ ಹೋದಾಗ ಅವಳ ಅಜ್ಜಿ ನನಗೆ ಬೇರೆ ತಾಟು ಇಟ್ಟಿದ್ದರು, ಪಡಸಾಲೆಯಲ್ಲಿ. ಒಂಬತ್ತು ವರ್ಷದ ಈ ಗೆಳತಿ ಏನೂ ಮಾತಾಡದೆ ತನ್ನ ತಾಟು ಎತ್ತಿಕೊಂಡು ಪಡಸಾಲೆಗೆ ಬಂದು ನನ್ನ ಪಕ್ಕದಲ್ಲಿ ಕೂತು ಉಂಡಳು. ಅಂಥವಳ ಮನೆ ಆ ನೋಟ್‌ಬುಕ್ಕಿನಲ್ಲಿ ಇತ್ತು.

ನಾನು ಬ್ರೀಫ್ ತೆಗೆದುಕೊಂಡೆ. ಕೋರ್ಟಿಗೆ ದಿನಾ ಹೋಗುವುದನ್ನು ಮೊಣಕಾಲು ನಿಲ್ಲಿಸಿ ಒಂದು ವರ್ಷವಾಗಿತ್ತು. ಮನೆಯ ಮುಂದಿನ ಕೋಣೆಯೇ ಚೇಂಬರ್, ಮೂವತ್ತು ದಾಟಿದ ಒಬ್ಬ ಚುರುಕಾದ ಜೂನಿಯರ್ ಹೆಣ್ಣುಮಗಳು, ಮತ್ತು ಇನ್ನೊಂದೇ ಒಂದು ದೊಡ್ಡ ಕೇಸು ಮಾಡಬೇಕೆಂಬ ನನ್ನ ಮುದುಕಿ ಆಸೆ. ಗೆಳತಿಯ ಹೆಸರು ಎಲ್ಲೋ ಅನೆಕ್ಶರಿನ ಪಟ್ಟಿಯಲ್ಲಿ ಬರುತ್ತದೆ, ನಮ್ಮ ಕೈ ಇರುವುದು ಈ ಮಾಲಕರಿಗೆಲ್ಲ ದರ ಹೇಳುವ ಬಾಡಿಗೆ ಆ್ಯಪಿನ ಕೊರಳಿಗೆ, ಎಂದು ನನಗೆ ನಾನೇ ಹೇಳಿಕೊಂಡೆ. ಹುಡುಗಿ ಒಬ್ಬಳೇ ಅಲ್ಲ. ಅವಳ ಹಿಂದೆ, ನೌಕರಿ ಪರೀಕ್ಷೆಗೆ ಅವಳ ಜೊತೆ ಕೂತು ಓದುವ ಓದುಮನೆಯ ಹನ್ನೆರಡು ಹುಡುಗಿಯರು ಸಹಿ ಹಾಕಿದ್ದರು. ಅವಳು ಆಗಲೇ ಖೋಲಿ ಬಿಟ್ಟು ಊರಿಂದ ಬಸ್ಸಿನಲ್ಲಿ ಓಡಾಡುತ್ತಿದ್ದಳು. ಕೊನೆಯ ಬಸ್ಸಿನ ಸಲುವಾಗಿ ಸಂಜೆಯ ಓದು ಹೋಗಿತ್ತು.

ಮಾಲಕರಿಗೆ ಹಂಚಿದ ಚೀಟಿಯ ಪ್ರಕಾರ ಆ್ಯಪು ಹೀಗೆ ಕೆಲಸ ಮಾಡುತ್ತಿತ್ತು. ಮಾಲಕರು ತಮ್ಮ ಖೋಲಿಗಳನ್ನು ಅದರಲ್ಲಿ ಹಾಕಬೇಕು. ಸೋಮವಾರ ಮುಂಜಾನೆ ಅದು ಪ್ರತಿ ಮಾಲಕರ ಫೋನಿಗೆ ‘ಓಣಿಯ ದರ’ ಎಂದು ಒಂದು ಅಂಕಿ ಕಳಿಸುತ್ತದೆ. ಒಪ್ಪಿದರೆ ಒಂದು ಬಟನ್ ಒತ್ತಿದರೆ ಮುಗಿಯಿತು. ಅದಕ್ಕಿಂತ ಕಡಿಮೆ ಬರೆದರೆ ಮನೆಯ ಹೆಸರಿನ ಮುಂದಿನ ಹಸಿರು ಗುರುತು ಹೋಗುತ್ತದೆ, ಮನೆ ಪಟ್ಟಿಯ ತಳಕ್ಕೆ ಇಳಿಯುತ್ತದೆ. ಅದಲ್ಲದೆ ಓಣಿಯ ಉಳಿದ ಮಾಲಕರಿಗೆಲ್ಲ ಒಂದು ಮೆಸೇಜು: ನಿಮ್ಮ ಓಣಿಯಲ್ಲಿ ಒಂದು ಖೋಲಿ ದರಕ್ಕಿಂತ ಕೆಳಗಿದೆ.

ಕಾರ್ಟೆಲ್ ಎಂದರೆ ಏಸಿ ಕೋಣೆಯಲ್ಲಿ ಕೂತ ದೊಡ್ಡ ಕಂಪನಿಗಳು ಎಂದೇ ನಾನೂ ತಿಳಿದಿದ್ದವಳು. ಆದರೆ ಕಾನೂನು ಆಕಾರ ನೋಡುವುದಿಲ್ಲ. ಒಂದೇ ವ್ಯಾಪಾರದವರು ಪೈಪೋಟಿ ಬಿಟ್ಟು ಕೂಡಿ ದರ ಕಟ್ಟಿದರೆ ಅದು ಕಾರ್ಟೆಲ್. ನಡುವೆ ನಿಂತು ಕಟ್ಟಿಸಿದವನೂ ಅದರೊಳಗೇ. ದಿಲ್ಲಿಯ ಸ್ಪರ್ಧಾ ಆಯೋಗದ ಮುಂದೆ ಮೂರು ಸಂಗತಿ ತೋರಿಸಬೇಕು: ಒಪ್ಪಂದ, ಅದರ ಮೇಲೆ ಕಣ್ಣಿಡುವ ವ್ಯವಸ್ಥೆ, ಮುರಿದವರಿಗೆ ಶಿಕ್ಷೆ. ಆ ಮೆಸೇಜು ಕಣ್ಣಾಯಿತು. ಪಟ್ಟಿಯ ತಳಕ್ಕೆ ಇಳಿಸುವುದು ಶಿಕ್ಷೆಯಾಯಿತು. ಒಪ್ಪಂದ ಎಲ್ಲಿ? ಅದು ಆಮೇಲೆ ಸಿಗುತ್ತದೆ ಎಂದುಕೊಂಡೆವು.

ಮೊದಲ ಪೆಟ್ಟು ಹುಡುಗಿಯ ಫೋನಿಂದಲೇ ಬಂತು. ನೋಟ್‌ಬುಕ್ಕಿನ ಜೊತೆಗೆ ಅವಳಲ್ಲಿ ಆ್ಯಪಿನಲ್ಲಿ ಕಂಡ ಬಾಡಿಗೆಗಳ ಸ್ಕ್ರೀನ್‌ಶಾಟುಗಳಿದ್ದವು. ಆದರೆ ಹಳೆಯ ಫೋನು ಒಡೆದು, ಹೊಸದಕ್ಕೆ ಅವನ್ನೆಲ್ಲ ತನಗೆ ತಾನೇ ವಾಟ್ಸಾಪಿನಲ್ಲಿ ಕಳಿಸಿಕೊಂಡಿದ್ದಳು. ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಸರ್ಟಿಫಿಕೇಟ್ ಬೇಕು: ಯಾವ ಫೋನಿನಲ್ಲಿ, ಯಾವ ಹೊತ್ತಿಗೆ ತೆಗೆದದ್ದು, ನಡುವೆ ಯಾರೂ ಕೈ ಆಡಿಸಿಲ್ಲ ಎಂದು. ಕಳಿಸಿದ ಚಿತ್ರಗಳಲ್ಲಿ ಮೂಲ ದಿನಾಂಕವೇ ಅಳಿಸಿಹೋಗಿತ್ತು.

“ಅಂದ್ರ ಎಲ್ಲಾ ನೀರಾಗ ಹೋಮ ಆತೇನ್ರಿ?” ಅಂದಳು ಹುಡುಗಿ.

“ನೋಟ್‌ಬುಕ್ಕು ಉಳಿತೈತಿ. ಚಿತ್ರ ಮೊದಲಿಂದ ತಗೀಬೇಕು,” ಅಂದಳು ಜೂನಿಯರ್.

ಎಂಟು ಸೋಮವಾರ ತೆಗೆದೆವು. ಮೂರು ಫೋನು, ಮೂವರು ಹುಡುಗಿಯರು, ಮೂರು ಬೇರೆ ಜಾಗ. ಚಿತ್ರ ತೆಗೆದ ಕೂಡಲೇ ಜೂನಿಯರ್ ಅದರ ಹ್ಯಾಶ್ ಸಂಖ್ಯೆ, ಅಂದರೆ ಫೈಲಿನ ಬೆರಳಚ್ಚು ಅನ್ನಬಹುದು, ಬರೆದು ಮುಚ್ಚಿಡುತ್ತಿದ್ದಳು. ನಾನು ಗೋಡೆಗೆ ಖಾಕಿ ಕಾಗದ ಅಂಟಿಸಿ ಎರಡೂ ಓಣಿಗಳ ನಕ್ಷೆ ಬರೆದೆ. ಮನೆಗೊಂದು ಚೌಕ. ದರ ಏರಿದ ಹೊತ್ತನ್ನು ಚೌಕದೊಳಗೆ ಬರೆಯುತ್ತಾ ಹೋದೆ. ಎಂಟನೆಯ ವಾರಕ್ಕೆ ನಕ್ಷೆ ಮಾತಾಡತೊಡಗಿತು. ಹಸಿರು ಗೇಟು ಏಳೂವರೆ, ನಾಯಿ ಇರೋ ಮನಿ ಏಳೂವರೆ, ಮಾವಿನ ಗಿಡ ಏಳೂವರೆ.

“ಮೇಡಂ, ಆ ಒಂದು ಮನಿ ಬಿಡೋಣೇನ್ರಿ? ಉಳಿದವು ಸಾಕಷ್ಟದಾವ,” ಎಂದು ಜೂನಿಯರ್ ಒಮ್ಮೆ ಮೆಲ್ಲಗೆ ಕೇಳಿದಳು.

“ಬ್ಯಾಡ. ನಕ್ಷೆದಾಗ ಒಂದು ತೂತು ಬಿದ್ರ ದಿಲ್ಲಿಯವರು ಆ ತೂತಿನ್ಯಾಗಿಂದನ ನೋಡ್ತಾರ.”

ಈ ಎಂಟು ವಾರ ನಾನು ಗುರುವಾರಕ್ಕೆ ಹೋಗಲಿಲ್ಲ. ಕಕ್ಷಿದಾರರ ಕೆಲಸ ಇಟ್ಟುಕೊಂಡು ಎದುರು ಪಟ್ಟಿಯವಳ ಗಿರ್ಮಿಟ್ ತಿನ್ನಲಾಗದು. ಕಾರಣ ಹೇಳಲೂ ಆಗದು, ದೂರುದಾರರ ಹೆಸರು ಗುಪ್ತ. ಮೊಣಕಾಲು ಎಂದೆ, ನೆಗಡಿ ಎಂದೆ. ಅವಳು ಫೋನು ಮಾಡುತ್ತಿದ್ದಳು.

“ಏನವಾ, ಸತ್ತೀಯೇನು?”

“ಇನ್ನೂ ಇಲ್ಲ.”

“ಸತ್ರ ಹೇಳಿ ಸಾಯಿ. ಏಳು ಅಕ್ಷರ, ಹದಿನಾಲ್ಕು ಡೌನ್ ಖಾಲಿ ಬಿದ್ದೈತಿ. ಪೇಪರ್ ಇಟ್ಟೇನಿ.”

ಪೇಪರ್ ಇಟ್ಟೇನಿ. ಧಾರವಾಡದಲ್ಲಿ ಅವಳ ಮನೆಗೂ ನನ್ನ ಮನೆಗೂ ನಡೆದರೆ ಹತ್ತು ನಿಮಿಷ. ಆ ಹತ್ತು ನಿಮಿಷ ಅಷ್ಟು ದೂರವಾದದ್ದನ್ನು ಈ ವಯಸ್ಸಿನವರೆಗೆ ಕಂಡಿರಲಿಲ್ಲ.

ಆಯೋಗಕ್ಕೆ ‘ಮಾಹಿತಿ’, ಅಂದರೆ ದೂರು, ಸಲ್ಲಿಸಿದೆವು. ಕೆಲವು ವಾರಕ್ಕೆ ಆಯೋಗ ಎರಡೂ ಕಡೆಯವರನ್ನು ವಿಡಿಯೋದಲ್ಲಿ ಕರೆಯಿತು, ತನಿಖೆಗೆ ಕಳಿಸುವಷ್ಟು ಹುರುಳಿದೆಯೇ ನೋಡಲು. ಕರೀ ಕೋಟು ಹಾಕಿ ಲ್ಯಾಪ್‌ಟಾಪಿನ ಮುಂದೆ ಕೂತೆ. ನಕ್ಷೆ ತೋರಿಸಿದೆ. ಕಿಟಕಿ ಇದ್ದ ಖೋಲಿ, ಇಲ್ಲದ ಖೋಲಿ, ಏಳೂವರೆ. ಮೆಸೇಜು ತೋರಿಸಿದೆ. ಚೆನ್ನಾಗಿಯೇ ಹೋಯಿತು.

ಆಮೇಲೆ ಆ್ಯಪಿನ ವಕೀಲ ಎದ್ದ. ಹುಡುಗ ಎನ್ನಬಹುದಾದ ವಯಸ್ಸು, ಸುಂದರ ಇಂಗ್ಲಿಷು. “ನಮ್ಮದು ಬರೀ ಸೂಚನೆ, ಹವಾಮಾನ ವರದಿ ಇದ್ದ ಹಾಗೆ. ಮಳೆ ಬರುತ್ತದೆ ಎಂದು ಕೇಳಿ ಓಣಿಯವರೆಲ್ಲ ಛತ್ರಿ ಹಿಡಿದರೆ ಅದು ಒಪ್ಪಂದವೆ?” ಎಂದ.

ಸದಸ್ಯರೊಬ್ಬರು ನನ್ನ ಕಡೆ ತಿರುಗಿದರು. “ಕೌನ್ಸೆಲ್, ಎಲ್ಲರೂ ಒಂದೇ ರೀತಿ ನಡೆದದ್ದು ಕಂಡಿತು. ಒಪ್ಪಿಕೊಂಡದ್ದು ಎಲ್ಲಿದೆ? ಇವರು ಎಂದಾದರೂ ಒಬ್ಬರಿಗೊಬ್ಬರು ಮಾತು ಕೊಟ್ಟರೆ?”

ನಾನು ಸಮಯ ಕೇಳಿದೆ. ಹೆಚ್ಚಿನ ಅಫಿಡವಿಟ್ಟಿಗೆ ನಾಲ್ಕು ವಾರ ಕೊಟ್ಟರು. ಅದರೊಳಗೆ ಏನೂ ತರದಿದ್ದರೆ ಕಡತ ಮುಚ್ಚುತ್ತದೆ ಎಂಬುದು ಅವರು ಕೊಟ್ಟ ಧಾಟಿಯಲ್ಲೇ ಇತ್ತು.

ಮರುದಿನ ನಾನು, ಜೂನಿಯರ್, ಹುಡುಗಿ ಮೂವರೂ ನೋಟ್‌ಬುಕ್ಕನ್ನು ಮೊದಲ ಪುಟದಿಂದ ಓದಿದೆವು. ಆರಂಭದ ಪುಟಗಳಲ್ಲಿ ಬಾಡಿಗೆಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದವು. ಒಂದು ಪುಟದಿಂದ ಮುಂದೆ ಎಲ್ಲವೂ ಒಂದೇ ಸಾಲು.

“ಇದು ಯಾವಾಗಿಂದ?” ಎಂದೆ.

“ಬನ್ನಿ ಹಬ್ಬ ಆದ ಸೋಮವಾರದಿಂದ್ರಿ,” ಎಂದಳು ಹುಡುಗಿ. “ನಾ ಹಬ್ಬಕ್ಕ ಊರಿಗೆ ಹೋಗಿದ್ದೆ. ಬಂದು ನೋಡಿದ್ರ ಎಲ್ಲಾರ್ದೂ ಒಂದ. ಆಂಟಿ ಒಬ್ಬರ ನನಗ ಕಡಿಮಿ ಬರದಿದ್ರು. ಮೂರನೇ ದಿನ ಬಾಜೂ ಮನಿಯವರು ಬಂದು, ಏನ್ರೀ, ಬನ್ನಿ ಕೊಟ್ಟು ಹಿಂಗ ಮಾಡಿದ್ರಿ, ಅಂದ್ರು. ಆವತ್ತ ಸಂಜೀಕ ಆಂಟಿ ಬಟನ್ ಒತ್ತಿದ್ರು.”

ಆ ಬನ್ನಿ ಹಬ್ಬದ ಸಂಜೆ ನಾನು ಅಲ್ಲಿದ್ದೆ.

ನಮ್ಮವರಿಗೆ ವಿಜಯದಶಮಿ ಧಮ್ಮದ ದಿವಸ, ಬೌದ್ಧರಾದ ದಿವಸ. ಮುಂಜಾನೆ ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋಗುತ್ತೇನೆ. ಸಂಜೆ ಅದೇ ಬಿಳಿ ಸೀರೆಯಲ್ಲಿ ಬನ್ನಿ ಎಲೆ ಹಿಡಿದು ಗೆಳತಿಯ ಮನೆಗೆ. ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಕೊಡುವುದು ನಮ್ಮ ಕಡೆಯ ರೂಢಿ. ನಾಲ್ಕು ತಿಂಗಳಿಗೆ ನಾನು ಚಿಕ್ಕವಳು. ಆ ಸಂಜೆ ಅವಳ ಪಡಸಾಲೆ ತುಂಬಿತ್ತು, ಎರಡೂ ಓಣಿಯ ಹೆಣ್ಣುಮಕ್ಕಳು. ಆ್ಯಪಿನ ಮನುಷ್ಯನೊಬ್ಬ ಬಂದು, ಬಣ್ಣದ ಚೀಟಿ ಹಂಚಿ, ಬಟನ್ ತೋರಿಸಿ, ಒಂದು ಬಟ್ಟಲು ಚುರುಮುರಿ ತಿಂದು ಹೋಗಿದ್ದ. ಹಸಿರು ಗೇಟಿನಾಕೆ ಎದ್ದು ಎಲ್ಲರ ಕೈಯಲ್ಲಿ ಬನ್ನಿ ಇಡುತ್ತಾ, “ಬನ್ನಿ ತಗೊಂಡು ಬಂಗಾರಧಾಂಗ ಇರೋಣ್ರಿ. ಆದ್ರ ಫೋನ್ ಹೇಳಿದ ಬಾಡಿಗಿಗಿಂತ ಯಾರೂ ಕೆಳಗ ಇಳಿಬಾರದು, ಮತ್ತ!” ಎಂದಿದ್ದರು. ಎಲ್ಲರೂ ನಕ್ಕಿದ್ದರು. ಒಬ್ಬೊಬ್ಬರೇ ಒಬ್ಬೊಬ್ಬರಿಗೆ ಎಲೆ ಕೊಟ್ಟು, “ಇಳಿಯಂಗಿಲ್ಲ, ಇಳಿಯಂಗಿಲ್ಲ” ಎಂದಿದ್ದರು. ನಾನು ನನ್ನ ಎಲೆಯನ್ನು ಗೆಳತಿಯ ಕೈಯಲ್ಲಿಟ್ಟು, “ಯುನಿಟಿ ಈಸ್ ಸ್ಟ್ರೆಂತ್!” ಎಂದಿದ್ದೆ.

ಜೀವಮಾನವೆಲ್ಲ ಕಾನೂನು ಓದಿದವಳು. ಕಣ್ಣ ಮುಂದೆ ಕಾರ್ಟೆಲ್ ಕಟ್ಟಿದರು, ನಾನು ಚಪ್ಪಾಳೆ ತಟ್ಟಿದೆ. ಬನ್ನಿಯ ದಿನ ಕೊಟ್ಟ ಮಾತನ್ನು ಒಪ್ಪಂದ ಎಂದು ನೋಡುವುದು ನನ್ನ ಕಣ್ಣಿಗೆ ಬರಲೇ ಇಲ್ಲ. ನಮ್ಮೂರಿನಲ್ಲಿ ಅದು ಒಪ್ಪಂದಕ್ಕಿಂತ ಹೆಚ್ಚಿನದು, ಅದಕ್ಕೇ ಕಾಣಲಿಲ್ಲ.

“ಮೇಡಂ, ನೀರು ಕುಡೀರಿ,” ಎಂದಳು ಜೂನಿಯರ್. ಆ ಸಂಜೆಯದನ್ನು ಹೇಳಿದ ಮೇಲೆ ಅವಳಿಗೂ ಅರ್ಥವಾಗಿತ್ತು. ಸಾಕ್ಷಿಯಾಗಬೇಕಾದ ವಕೀಲರು ಆ ಕೇಸಿನಲ್ಲಿ ವಕೀಲರಾಗಿ ನಿಲ್ಲುವಂತಿಲ್ಲ. ನಾನು ಸುಮ್ಮನಿದ್ದರೆ ಬ್ರೀಫ್ ಉಳಿಯುತ್ತದೆ, ಕೇಸು ಸಾಯುತ್ತದೆ. ಮಾತಾಡಿದರೆ ಕೇಸು ಉಳಿಯುತ್ತದೆ. ನನ್ನ ಕೊನೆಯ ದೊಡ್ಡ ಕೇಸು ಹೋಗುತ್ತದೆ, ಅದು ಹೋಗಲಿ. ಗೆಳತಿಯೂ ಹೋಗುತ್ತಾಳೆ.

ಎರಡು ದಿನ ಏನೂ ಮಾಡಲಿಲ್ಲ. ಮೂರನೆಯ ದಿನ ಜೂನಿಯರಿಗೆ ವಕಾಲತ್ತು ವರ್ಗ ಮಾಡಿ ಸಹಿ ಹಾಕಿದೆ. ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ: “ಅಫಿಡವಿಟ್ ಕೊಡೋಕ್ಕಿಂತ ಮೊದಲ ಆಕಿಗೆ ಒಂದು ಮಾತು ಹೇಳಬೇಕಂತೇನಿ. ನೀ ಬ್ಯಾಡ ಅಂದ್ರ ಹೇಳಂಗಿಲ್ಲ. ಕೇಸ್ ನಿಂದು.”

“ಆಂಟಿ ಹೋಗಿ ಆ್ಯಪಿನವರಿಗೆ ಹೇಳಿದ್ರ?” ಎಂದಳು ಜೂನಿಯರ್.

ಹುಡುಗಿ ನೋಟ್‌ಬುಕ್ಕಿನ ಅಂಚನ್ನು ಸವರುತ್ತಾ ಕೂತಿದ್ದಳು. “ಚಿತ್ರ ಎಲ್ಲಾ ದಿಲ್ಲಿ ಮುಟ್ಯಾವಲ್ರಿ. ಹೇಳ್ರಿ ಮೇಡಂ. ನನಗ ಜ್ವರ ಬಂದಾಗ ಆಂಟಿ ಗಂಜಿ ಕಾಸಿ ಕೊಟ್ಟಾರ. ಹಿಂದಿಂದ ಹೊಡದಂಗ ಆಗಬಾರದು.”

ಅದು ಗುರುವಾರವೇ ಆಗಿತ್ತು. ಬಾಗಿಲು ತೆಗೆದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಬಂದ್ರೇನ್ರಿ ವಕೀಲ ಸಾಹೇಬ್ರ? ಮೊಣಕಾಲು ಈಗ ನಮ್ಮ ಮನಿ ದಾರಿ ನೆಪ್ಪ ಮಾಡ್ಕೊಂಡ್ವೇನು?”

ಹಳೆಯ ಪೇಪರುಗಳು ಕುರ್ಚಿಯ ಮೇಲೆ ಒಂದರ ಮೇಲೊಂದು ಇದ್ದವು. ಅಡ್ಡ ಸಾಲುಗಳಷ್ಟೇ ತುಂಬಿದ್ದವು.

ನಾನು ಕೂರದೆ ಹೇಳಿದೆ. ಎಲ್ಲವನ್ನೂ, ಹೇಳಬಹುದಾದಷ್ಟನ್ನು. ನಾನು ಆ ಸಂಜೆ ನೋಡಿದ್ದನ್ನು ಪ್ರಮಾಣ ಮಾಡಿ ಬರೆದು ಕೊಡುತ್ತೇನೆ. ಮೊದಲು ಹೋಗಿ ನಿಜ ಹೇಳಿ ಪುರಾವೆ ಕೊಟ್ಟವರಿಗೆ ದಂಡ ಪೂರ್ತಿ ಮಾಫಿಯಾಗಬಹುದು, ಎರಡನೆಯವರಿಗೆ ಅರ್ಧ. ಬೇರೆ ವಕೀಲರನ್ನು ನೋಡು, ಇವತ್ತೇ ನೋಡು. ಫೋನಿನಲ್ಲಿರುವ ಯಾವ ಮೆಸೇಜನ್ನೂ ಅಳಿಸಬೇಡ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ತಾನೂ ಕೂರಲಿಲ್ಲ.

“ಯಾರೋ ಕಂಪ್ಲೇಂಟ್ ಮಾಡ್ಯಾರಂತ ಓಣ್ಯಾಗ ಸುದ್ದಿ ಇತ್ತು. ನಿನ್ನ ಕೈಯಾಗ ಐತೆಂತ ಗೊತ್ತಿರಲಿಲ್ಲ. ಇದರಾಗ ತಪ್ಪೇನೈತಿ ಹೇಳು. ಮೊದಲ ಹುಡುಗ್ಯಾರು ನೂರು ರೂಪಾಯಿ ಕಡಿಮಿ ಅಂತ ಮನಿ ಮನಿ ಜಿಗೀತಿದ್ರು. ಇವರು ಇಳಿಸಿದ್ರ ಅವರು ಇಳಸ್ತಿದ್ರು, ಒಬ್ಬರ ಮುಖ ಒಬ್ಬರು ನೋಡತಿರಲಿಲ್ಲ. ಫೋನ್ ಬಂದ ಮ್ಯಾಲೆ ಓಣ್ಯಾಗ ಜಗಳಿಲ್ಲ.”

“ಆ ಜಗಳಕ್ಕನ ಕಾಂಪಿಟಿಷನ್ ಅಂತಾರ.”

“ಕಾನ್ವೆಂಟ್ ಸಿಸ್ಟರ್ ಅದನ್ನ ಹೊಟ್ಟಿಕಿಚ್ಚು ಅಂತಿದ್ರು.”

ಇಬ್ಬರಿಗೂ ನಗು ಬಂತು. ಬಂದದ್ದು ಅಲ್ಲೇ ನಿಂತಿತು.

“ಹಿಂದಿನ ಖೋಲಿಗೆ ಕಿಟಕಿ ಇಲ್ಲ,” ಎಂದೆ. “ಆ ಹುಡುಗಿಗೆ ಕಡಿಮಿ ಮಾಡಬೇಕಂತ ನಿನಗ ಇತ್ತು. ನಿನ್ನ ಮನಿ, ನಿನ್ನ ಖೋಲಿ, ನಿನಗ ಮಾಡಾಕ ಬರಲಿಲ್ಲ. ಅದ ತಪ್ಪು.”

ಅವಳು ಮಾವಿನ ಗಿಡದ ಕಡೆ ನೋಡಿದಳು. ಶಾಲೆಯಲ್ಲಿ ಭೂಗೋಳ ಕಲಿಸಿ ಪೆನ್ಶನ್ ಇಲ್ಲದೆ ಮನೆಗೆ ಬಂದವಳು, ಗಂಡ ಹೋದ ಮೇಲೆ ಖೋಲಿಗಳನ್ನು ಕಟ್ಟಿಸಿದವಳು. ಅವಳ ಭಯ ನನಗೆ ಗೊತ್ತಿಲ್ಲದ್ದಲ್ಲ.

“ಮೊದಲ ಹೋದವರಿಗೆ ಮಾಫಿ ಅಂದಿ. ಅಂದ್ರ ಹಸಿರು ಗೇಟಿನಾಕಿ ಹೆಸರು, ಕಂಬದ ಮನಿಯಾಕಿ ಹೆಸರು ನಾ ಹೇಳಬೇಕು. ಬನ್ನಿ ಕೊಟ್ಟ ಕೈಲೇ.”

“ಹೌದು.”

“ನನ್ನ ಕೈಲೆ ಆಗಂಗಿಲ್ಲ. ನೀ ಹೇಳು. ನಿನಗ ರೂಢಿ ಐತಿ.” ಬಾಗಿಲ ಕಡೆ ಬಂದಳು. “ಆವತ್ತು ನೀನೂ ಬನ್ನಿ ಕೊಟ್ಟಿ ನೋಡು. ನಿನ್ನ ಎಲಿಗೆ ಏನು ಕಾಯ್ದೆ ಐತಿ?”

ಇದಕ್ಕೆ ನಾನು ಉತ್ತರವನ್ನು ಈಗಲೂ ಹುಡುಕುತ್ತಿದ್ದೇನೆ.

ಅಫಿಡವಿಟ್ಟು ಎರಡು ಪುಟ. ಜೂನಿಯರ್ ಕಣ್ಣು ಕೆಳಗೆ ಹಾಕಿ ಟೈಪ್ ಮಾಡಿದಳು. ಆಯೋಗ ತನಿಖೆಗೆ ಆದೇಶಿಸಿತು. ಕೆಲವು ತಿಂಗಳಿಗೆ ತನಿಖೆಯ ಅಧಿಕಾರಿಯೊಬ್ಬರು ಧಾರವಾಡಕ್ಕೆ ಬಂದು, ಅತಿಥಿಗೃಹದ ಒಂದು ಕೋಣೆಯಲ್ಲಿ ನನ್ನ ಹೇಳಿಕೆ ಬರೆಸಿಕೊಂಡರು. ಸಜ್ಜನ. ನಮ್ಮ ಸೀಮೆಯವರಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ.

“ಸೋ ಇಟ್ ಈಸ್ ಎ ಲೀಫ್?” ಎಂದು ಕೇಳಿದರು.

“ಎ ಲೀಫ್,” ಎಂದೆ.

“ಆ್ಯಂಡ್ ದಿಸ್ ಲೀಫ್ ಈಸ್ ಬೈಂಡಿಂಗ್?”

ಅವರು ಕುಹಕ ಮಾಡುತ್ತಿರಲಿಲ್ಲ. ನಾನು ಇಂಗ್ಲಿಷಿನಲ್ಲಿ ಹುಡುಕಿದೆ. ಸಿಸ್ಟರ್ ಕಲಿಸಿದ ಇಂಗ್ಲಿಷಿನಲ್ಲಿ ಅದಕ್ಕೆ ಶಬ್ದವಿರಲಿಲ್ಲ. ವರ್ಷವೆಲ್ಲ ಮಾತು ಬಿಟ್ಟವರೂ ಅಂದು ಆ ಎಲೆ ಹಿಡಿದು ಬಾಗಿಲಿಗೆ ಬಂದರೆ ಇಲ್ಲ ಎನ್ನುವಂತಿಲ್ಲ. ಅದರ ಮೇಲೆ ಆಡಿದ ಮಾತಿಗೆ ಕಾಗದ ಬೇಕಿಲ್ಲ, ಎಂದು ವಿವರಿಸಿದೆ. “ಅಮಂಗ್ ಅಸ್, ನಥಿಂಗ್ ಈಸ್ ಮೋರ್ ಬೈಂಡಿಂಗ್,” ಎಂದೆ. ಅವರು ಅದನ್ನು ಹಾಗೆಯೇ ಟೈಪ್ ಮಾಡಿದರು. ಕೇಸಿಗೆ ಬೇಕಾದ ವಾಕ್ಯ ಅದೇ ಆಗಿತ್ತೆಂದು ಆಮೇಲೆ ಜೂನಿಯರ್ ಹೇಳಿದಳು.

“ನೀವು ಎಲೆ ಕೊಟ್ಟದ್ದು ಯಾರಿಗೆ?”

ಹೆಸರು ಹೇಳಬೇಕಾಯಿತು. ನಾನು ಅವಳನ್ನು ಎಂದೂ ಪೂರ್ತಿ ಹೆಸರಿನಿಂದ ಕರೆದವಳಲ್ಲ. ಬೆಂಚಿನಲ್ಲಿ ಇಟ್ಟ ಅರ್ಧ ಹೆಸರೇ ಇಲ್ಲಿಯವರೆಗೆ ನಡೆದಿತ್ತು. ಅವತ್ತು ಅವಳ ಹೆಸರು, ಗಂಡನ ಹೆಸರು, ಮನೆತನದ ಹೆಸರು ಮೂರನ್ನೂ ಹೇಳಿದೆ. “ಸ್ಪೆಲ್ ಇಟ್ ಪ್ಲೀಸ್,” ಎಂದರು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಕ್ರಾಸ್‌ವರ್ಡಿನ ಚೌಕ ತುಂಬಿದ ಹಾಗೆ.

ತನಿಖೆ ನಡೆಯುವಷ್ಟು ಕಾಲ ಸಾಕ್ಷಿ ಎದುರು ಪಕ್ಷದವರನ್ನು ಕಾಣಬಾರದು ಎಂದು ಜೂನಿಯರ್ ಕಟ್ಟುನಿಟ್ಟಾಗಿ ಹೇಳಿದ್ದಳು. ಬೇರೆ ದಿನಗಳಲ್ಲಿ ಅದು ಹೇಗೋ ನಡೆಯಿತು. ಎರಡು ದಸರೆಗಳಲ್ಲಿ ಮಾತ್ರ ಕಷ್ಟವಾಯಿತು. ವಿಹಾರದಿಂದ ಬಂದು ಬಿಳಿ ಸೀರೆ ಬಿಚ್ಚದೆ ಸಂಜೆಯವರೆಗೆ ಕೂತಿರುತ್ತಿದ್ದೆ. ಮನೆಗೆ ಬಂದವರು ಕೊಟ್ಟ ಬನ್ನಿ ತೆಗೆದುಕೊಳ್ಳುತ್ತಿದ್ದೆ. ಕೊಡಬೇಕಾದ ಎಲೆ ಪರ್ಸಿನಲ್ಲಿ ಒಣಗುತ್ತಿತ್ತು. ಗುರುವಾರದ ಪೇಪರು ತರಿಸುವುದನ್ನು ಬಿಡಲಿಲ್ಲ. ಅಡ್ಡ ಸಾಲುಗಳನ್ನು ಮುಟ್ಟಲೂ ಇಲ್ಲ. ಅವಳು ತುಂಬಿದ ಅಕ್ಷರಗಳ ಆಸರೆಯಿಲ್ಲದೆ ನನ್ನ ಉದ್ದ ಸಾಲುಗಳು ಅರ್ಧಕ್ಕೇ ನಿಲ್ಲುತ್ತವೆ ಎಂದು ಆಗ ತಿಳಿಯಿತು.

ಅಂತಿಮ ಆದೇಶ ಬಂತು. ಮಾಲಕರು ಕೂಡಿ ದರ ಕಟ್ಟಿದ್ದು ಹೌದು, ಆ್ಯಪು ನಡುವೆ ನಿಂತು ಕಟ್ಟಿಸಿದ್ದು ಹೌದು. ಓಣಿಯ ದರ ಕಳಿಸುವುದನ್ನೂ ಆ ಮೆಸೇಜನ್ನೂ ನಿಲ್ಲಿಸಬೇಕು. ದೊಡ್ಡ ದಂಡ ಆ್ಯಪಿಗೆ. ಅವರು ಮೇಲ್ಮನವಿಗೆ ಹೋಗಿದ್ದಾರೆ, ಅದಿನ್ನೂ ನಡೆದಿದೆ. ಮಾಲಕರಿಗೆ ಅವರ ವಯಸ್ಸು, ಗಳಿಕೆ ನೋಡಿ ಚಿಕ್ಕದು. ಯಾರೂ ಮೊದಲು ಹೋಗಿ ಮಾಫಿ ಕೇಳಿರಲಿಲ್ಲ. ಗೆಳತಿಗೂ ಅಷ್ಟೇ ದಂಡ. ಆದರೆ ಆದೇಶದಲ್ಲಿ ಅವಳ ಹೆಸರಿನ ಕೆಳಗೇ ನನ್ನ ಹೇಳಿಕೆಯ ಪ್ಯಾರಾ ಇತ್ತು. ಒಂದೇ ಬೆಂಚಿನಲ್ಲಿ ಕೂತ ಹಾಗೆ.

ಸಪ್ತಾಪುರದ ಗೇಟುಗಳಿಗೆ ಈಗ ಮತ್ತೆ ರಟ್ಟಿನ ಬೋರ್ಡುಗಳು ಬಂದಿವೆ, ಒಂದೊಂದಕ್ಕೆ ಒಂದೊಂದು ಬಾಡಿಗೆ. ಅಮ್ಮಿನಬಾವಿ ಹುಡುಗಿಗೆ ಇನ್ನೊಂದು ಓಣಿಯಲ್ಲಿ ಖೋಲಿ ಸಿಕ್ಕಿದೆ. “ಕಿಟಕಿ ಐತ್ರಿ, ಆದ್ರ ತಗದ್ರ ಬಾಜೂ ಮನಿ ಗ್ವಾಡಿ,” ಎಂದು ನಗುತ್ತಾಳೆ. ಪರೀಕ್ಷೆ ಇನ್ನೂ ಬರೆಯುತ್ತಿದ್ದಾಳೆ.

ಆದೇಶದ ನಂತರದ ಮೊದಲ ಬನ್ನಿ ಹಬ್ಬ ಹೋದ ದಸರೆಗೆ ಬಂತು. ಇನ್ನು ತಡೆಯುವ ನಿಯಮ ಯಾವುದೂ ಉಳಿದಿರಲಿಲ್ಲ. ಹೊತ್ತು ಮುಳುಗುವ ಮೊದಲು ಬಿಳಿ ಸೀರೆಯಲ್ಲೇ ಹೊರಟೆ. ಹತ್ತು ನಿಮಿಷದ ದಾರಿಗೆ ಅರ್ಧ ತಾಸು ಹಿಡಿಯಿತು. ನಡುವೆ ಎರಡು ಸಲ ನಿಂತೆ, ಮೊಣಕಾಲಿನ ನೆವ ಈ ಸಲ ಖರೇ ಇತ್ತು.

ಪಡಸಾಲೆಯಲ್ಲಿ ಈ ವರ್ಷ ಗುಂಪು ಇರಲಿಲ್ಲ. ಬೆತ್ತದ ಕುರ್ಚಿ ಎರಡೂ ಇದ್ದವು. ಬೆಲ್ ಒತ್ತಿದೆ.

ಅವಳೇ ಬಂದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಂಗೈ ಚಾಚಿ ಎಲೆ ಹಿಡಿದೆ.

“ಬನ್ನಿ ತಗೊಂಡು,” ಎಂದು ಶುರು ಮಾಡಿದೆ. ಮುಂದಿನದು ಇಬ್ಬರೂ ಕೂಡಿ ಹೇಳುವುದು.

ಅವಳು ಎಲೆ ನೋಡಿದಳು. ಆಮೇಲೆ ಬಾಗಿಲಿಂದ ತಲೆ ಹೊರಗೆ ಹಾಕಿ ಓಣಿಯ ಈ ತುದಿ ನೋಡಿದಳು, ಆ ತುದಿ ನೋಡಿದಳು.

“ಸಾಕ್ಷಿ ಯಾರೂ ಇಲ್ಲಲ್ಲ?”

“ಯಾರೂ ಇಲ್ಲ.”

“ಹಂಗಾರ ತಗೋತೇನಿ.”

ತೆಗೆದುಕೊಂಡಳು. ಮುಂದಿನ ಮಾತು ಹೇಳಲಿಲ್ಲ, ಒಳಗೆ ಬಾ ಎನ್ನಲೂ ಇಲ್ಲ. ಬಾಗಿಲು ಮುಂದಕ್ಕೆ ಸರಿಯಿತು. ನಾನು ಬೆನ್ನು ತಿರುಗಿಸಿ ನಿಂತು ಚಿಲಕದ ಸಪ್ಪಳಕ್ಕೆ ಕಾದೆ. ಅದು ಬರಲಿಲ್ಲ. ಮಾವಿನ ಗಿಡದ ಕೆಳಗಿಂದ ಗೇಟಿನವರೆಗೆ ಬಹಳ ಸಾವಕಾಶ ನಡೆದೆ.